ಮೊದಲು ಬಿಟ್ಟದ್ದು ಹಾಲು

ನಾನು ಮಾಂಸ ಬಿಡುವ ಮೊದಲೇ ಹಾಲು ಬಿಟ್ಟವಳು. ಕೇಳಿದವರಿಗೆ ಅಚ್ಚರಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಊಟವೆಂದರೆ ಎಲ್ಲರ ಬಾಯಲ್ಲಿ ಬರುವುದು ಹಂದಿ ಮತ್ತು ಮೀನು. ಹಾಲಿನ ಸುದ್ದಿ ಯಾರೂ ಎತ್ತುವುದಿಲ್ಲ.

2016ರ ತಪಸ್ಸುಕಾಲ ಅದು, ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳು. ಬೆಳ್ತಂಗಡಿ ಕಡೆಯ ನನ್ನ ತವರಿನಲ್ಲಿ ಪಪ್ಪಾ ಎರಡು ಜರ್ಸಿ ಮಿಶ್ರತಳಿ ದನ ಸಾಕಿದ್ದರು. ಜನವರಿ ಕೊನೆಗೆ ಅದರಲ್ಲೊಂದು ಕರು ಹಾಕಿತ್ತು, ಗಂಡು. ಶನಿವಾರ ಭಾನುವಾರ ನಾನು ಹೋದಾಗಲೆಲ್ಲ ಅದು ನನ್ನ ಬೆರಳು ಚೀಪುತ್ತಿತ್ತು. ತರಿತರಿ ನಾಲಿಗೆ, ಬೆಚ್ಚನೆಯ ಉಸಿರು, ಮೂತಿಗೆ ಅಂಟಿದ ನೊರೆ. ಒಂದು ಶುಕ್ರವಾರ ಸಂಜೆ ಚರ್ಚಿನಲ್ಲಿ ಶಿಲುಬೆಯ ಹಾದಿ ಮುಗಿಸಿ ಬಂದು ನೋಡಿದರೆ ಹಟ್ಟಿಯಲ್ಲಿ ಕರು ಇಲ್ಲ. ಮಧ್ಯಾಹ್ನ ದಲ್ಲಾಳಿ ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿದ್ದ. "ಗಂಡು ಕರು ಇಟ್ಟುಕೊಂಡು ಎಂತ ಮಾಡುವುದು ಬಾಯೆ? ಅದು ಕುಡಿಯುವ ಹಾಲಿನ ಲೆಕ್ಕ ಹಾಕು" ಅಂದರು ಪಪ್ಪಾ. ಅವರು ಕಲ್ಲೆದೆಯವರಲ್ಲ. ಹಿಂಡಿಯ ಬೆಲೆ, ಹಾಲಿನ ಬೆಲೆ ಎರಡನ್ನೂ ದಿನಾ ನೋಡುವ ಯಾವ ಸಣ್ಣ ಕೃಷಿಕನೂ ಅದನ್ನೇ ಮಾಡುತ್ತಾನೆ. ದನ ಎರಡು ರಾತ್ರಿ ಕೂಗಿತು.

ಆ ಶುಕ್ರವಾರ ನಮ್ಮಲ್ಲಿ ಮಾಂಸ ಇರಲಿಲ್ಲ. ತಪಸ್ಸುಕಾಲದ ಶುಕ್ರವಾರ ಮಾಂಸ ತಿನ್ನಬಾರದೆಂಬ ನಿಯಮ ಹದಿನಾಲ್ಕು ತುಂಬಿದ ಪ್ರತಿ ಕಥೋಲಿಕರಿಗೂ ಇದೆ, ಅದನ್ನು ನಾವು ಯಾವತ್ತೂ ಮುರಿದವರಲ್ಲ. ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ. ಅದಾದ ಮೇಲೆ ಹಾಲು ಹಾಕಿದ ಚಹಾ. ನಾವು ವ್ರತ ಹಿಡಿದ ದಿನವೇ ಆ ಹಾಲು ಕುಡಿಯಬೇಕಾಗಿದ್ದ ಕರು ಹೋಗಿತ್ತು. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತೆ, ಕುಡಿಯಲು ಆಗಲಿಲ್ಲ.

ಈಸ್ಟರ್‌ವರೆಗೆ ಹಾಲು, ಮೊಸರು, ತುಪ್ಪ, ಮೊಟ್ಟೆ, ಮೀನು, ಮಾಂಸ ಯಾವುದೂ ಬೇಡ ಎಂದು ಆ ರಾತ್ರಿ ಸಂಕಲ್ಪ ಮಾಡಿದೆ. ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನದವರನ್ನು ಕರೆಯುವ 'ವೀಗನ್' ಎಂಬ ಪದ ಆಗ ನನ್ನ ತಲೆಯಲ್ಲಿ ಇರಲಿಲ್ಲ. ಹೀಗೂ ಒಂದು ಉಪವಾಸ ಉಂಟಾ ಎಂಬ ಅಳುಕಿತ್ತು. ಅದನ್ನು ತೆಗೆದವರು ಪಕ್ಕದ ತೋಟದ ಮಲಯಾಳಿ ಅಕ್ಕ, ನಾವು ಕರೆಯುವ ಹಾಗೆ ಚೇಚಿ. ಕೇರಳದಿಂದ ಬಂದು ರಬ್ಬರ್ ಹಾಕಿದ ಸೀರೋ-ಮಲಬಾರ್ ಪಂಥದ ಕಥೋಲಿಕ ಕುಟುಂಬಗಳು ನಮ್ಮ ತಾಲೂಕಿನಲ್ಲಿ ತುಂಬ ಇವೆ. 1999ರಲ್ಲಿ ಅವರಿಗಾಗಿಯೇ ಬೆಳ್ತಂಗಡಿ ಧರ್ಮಪ್ರಾಂತ ಆಯಿತು. "ನಮ್ಮ ಅಮ್ಮಚ್ಚಿ (ಅಜ್ಜಿ) ಐವತ್ತು ದಿನದ ನೋಂಬಿನಲ್ಲಿ (ಉಪವಾಸದಲ್ಲಿ) ಹಾಲು ಮುಟ್ಟುತ್ತಿರಲಿಲ್ಲ, ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಮಾತ್ರ" ಅಂದರು ಅವರು, ಅದರಲ್ಲಿ ದೊಡ್ಡ ಸಂಗತಿ ಏನೂ ಇಲ್ಲವೆಂಬ ಹಾಗೆ. ಆಮೇಲೆ ಓದಿ ತಿಳಿದುಕೊಂಡೆ. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ದೊಡ್ಡ ಉಪವಾಸವೆಂದರೆ ಮಾಂಸದ ಜೊತೆ ಹಾಲು ಮೊಟ್ಟೆಯೂ ಇಲ್ಲ. ಇಥಿಯೋಪಿಯಾದ ಕ್ರೈಸ್ತರಿಗೆ ವರ್ಷದ ಅರ್ಧದಷ್ಟು ದಿನ ಹೀಗೆಯೇ. 'ವೀಗನ್' ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಆ ಊಟ ಮಾತ್ರ ಎಷ್ಟೋ ಶತಮಾನಗಳಿಂದ ನಮ್ಮದೇ ಧರ್ಮದ ಅಡುಗೆಮನೆಯಲ್ಲಿತ್ತು.

ನಲವತ್ತು ದಿನ ಯಾರೂ ಏನೂ ಹೇಳಲಿಲ್ಲ. ಉಪವಾಸಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. ಈಸ್ಟರ್ ದಿನ ನಾನು ಸನ್ನಾಣದ (ಇಡ್ಲಿಯಂಥ ತಿಂಡಿ) ಜೊತೆ ಹಂದಿಮಾಂಸ ಹಾಕಿಕೊಳ್ಳದೆ ಬರೀ ಕಡಲೆ ಗಸಿ ಹಾಕಿಕೊಂಡಾಗ ಶುರುವಾಯಿತು. "ಯೇಸುಸ್ವಾಮಿ ಮೀನು ತಿನ್ನಲಿಲ್ಲವಾ? ನೀನು ಅವರಿಗಿಂತ ದೊಡ್ಡವಳಾ ಮಾರಾಯ್ತಿ?" ಎಂದು ಕೇಳಿದರು ನಮ್ಮ ದೊಡ್ಡಮ್ಮ, ತುಂಬಿದ ಪಂಕ್ತಿಯ ಎದುರು. ನನಗೆ ಉತ್ತರ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಆ ವಾರ ನಮ್ಮ ಚರ್ಚಿನ ಫಾದರ್ ಹತ್ತಿರ ಹೋದೆ. ಆದಿಕಾಂಡದ ಒಂದನೇ ಅಧ್ಯಾಯದ 29ನೇ ವಚನ ನನಗೆ ಬಾಯಿಪಾಠವಾಗಿತ್ತು: ಬೀಜ ಬಿಡುವ ಗಿಡಗಳನ್ನೂ ಹಣ್ಣಿನ ಮರಗಳನ್ನೂ ದೇವರು ಮನುಷ್ಯನಿಗೆ ಆಹಾರವಾಗಿ ಕೊಟ್ಟದ್ದು. ಫಾದರ್ ಕೇಳಿಸಿಕೊಂಡು, "ಒಂದನೇ ಅಧ್ಯಾಯ ಓದಿದವಳು ಒಂಬತ್ತನೆಯದನ್ನೂ ಓದಬೇಕಲ್ಲ" ಎಂದು ಪುಟ ತಿರುಗಿಸಿದರು. ಜಲಪ್ರಳಯದ ನಂತರ ನೋಹನಿಗೆ ಮಾಂಸವನ್ನೂ ದೇವರು ಕೊಡುತ್ತಾನೆ. ಲೂಕನ 24ನೇ ಅಧ್ಯಾಯದಲ್ಲಿ ಪುನರುತ್ಥಾನರಾದ ಯೇಸು ಶಿಷ್ಯರ ಕಣ್ಣೆದುರೇ ಸುಟ್ಟ ಮೀನಿನ ತುಂಡು ತಿನ್ನುತ್ತಾರೆ. ಯೇಸು ಸಸ್ಯಾಹಾರಿಯಾಗಿದ್ದರು ಎಂದು ಸಾಧಿಸಲು ಹೊರಟವರ ಬರಹಗಳನ್ನು ನಾನು ಆಮೇಲೆ ಓದಿದ್ದೇನೆ. ಒಪ್ಪಲು ಆಗಲಿಲ್ಲ. ಗಲಿಲೇಯದ ಬೆಸ್ತರ ನಡುವೆ ಓಡಾಡಿದವರ ಕೈಯಿಂದ ಮೀನು ಕಿತ್ತುಕೊಂಡು ನನ್ನ ನಂಬಿಕೆಯನ್ನು ನಾನು ಕಟ್ಟಬೇಕಾಗಿಲ್ಲ.

ತಿನ್ನಬಹುದು ಎಂದರೆ ತಿನ್ನಲೇಬೇಕು ಎಂದಲ್ಲ. ನಾನು ನಿಂತಿರುವುದು ಇಷ್ಟೇ ಜಾಗದಲ್ಲಿ. ಸಂತ ಪೌಲ ರೋಮಿನವರಿಗೆ ಬರೆದ ಪತ್ರದ 14ನೇ ಅಧ್ಯಾಯ ನನ್ನ ಬೈಬಲಿನಲ್ಲಿ ಈಗ ಅಂಚು ಹರಿದಿದೆ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು. ಇದರ ಎರಡನೆಯ ಅರ್ಧ ನನಗೆ ಹೇಳಿದ್ದು. ಆದಿಸಭೆಗೆ ಮಾಂಸ ಬಿಟ್ಟವರ ಮೇಲೆ ಸಂಶಯವೂ ಇತ್ತು. 314ರಲ್ಲಿ ಇಂದಿನ ಟರ್ಕಿಯ ಅಂಕಾರಾದಲ್ಲಿ ಸೇರಿದ ಬಿಷಪರ ಸಮ್ಮೇಳನ, ಮಾಂಸ ಬಿಟ್ಟ ಗುರುಗಳು ಒಮ್ಮೆ ರುಚಿ ನೋಡಿಯಾದರೂ ತೋರಿಸಲಿ, ಆಮೇಲೆ ಬೇಕಾದರೆ ಬಿಡಲಿ ಎಂದು ನಿಯಮ ಮಾಡಿತು. ಆ ಶತಮಾನದಲ್ಲೇ ಅದೇ ಕಡೆಯ ಗಂಗ್ರದಲ್ಲಿ ಸೇರಿದ ಇನ್ನೊಂದು ಸಮ್ಮೇಳನ, ಮಾಂಸ ತಿನ್ನುವ ಭಕ್ತನಿಗೆ ರಕ್ಷಣೆ ಇಲ್ಲ ಎನ್ನುವವನನ್ನು ಶಪಿಸಿತು. ಮೊದಲು ಓದಿದಾಗ ನನಗೆ ಬೇಸರವಾಯಿತು. ಮತ್ತೆ ನೋಡಿದಾಗ ಕಾರಣ ತಿಳಿಯಿತು. ದೇವರು ಸೃಷ್ಟಿಸಿದ ದೇಹವೇ, ಪದಾರ್ಥವೇ ಕೆಟ್ಟದ್ದು ಎಂದು ಕಲಿಸುವ ಪಂಗಡಗಳು ಆಗ ಇದ್ದವು. ಸಭೆ ಹೆದರಿದ್ದು ಅದಕ್ಕೆ. ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ತಮ್ಮ ಮಠದವರಿಗೆ ನಾಲ್ಕು ಕಾಲಿನ ಪ್ರಾಣಿಯ ಮಾಂಸ ಬೇಡ, ರೋಗಿಗಳಿಗೆ ಮಾತ್ರ ಇರಲಿ ಎಂದಾಗ ಅದನ್ನು ಯಾರೂ ತಪ್ಪೆನ್ನಲಿಲ್ಲ.

ಮೈಲಿಗೆಯ ಮಾತಿನ ಬಿಸಿ ನನಗೆ ಚೆನ್ನಾಗಿ ತಟ್ಟಿದೆ. ನಾನು ಮಾಂಸ ಬಿಟ್ಟ ಸುದ್ದಿ ಹರಡಿ ಒಂದೆರಡು ತಿಂಗಳಲ್ಲಿ ಪರಿಚಯದ ಮೇಲ್ಜಾತಿಯ ಮನೆಯವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಒಳ್ಳೆಯದಾಯಿತು, ಈಗ ನೀವು ನಮ್ಮ ಹಾಗೇ ಆದಿರಿ, ಮನೆಯೊಳಗೆ ಬರಬಹುದು" ಅಂದರು. ಪ್ರೀತಿಯಿಂದಲೇ ಅಂದರು. ಇಪ್ಪತ್ತು ವರ್ಷ ಅವರ ಜಗಲಿಯಲ್ಲೇ ಕೂತು ಬಂದದ್ದು ಯಾಕೆಂದು ನನಗೆ ಅವತ್ತು ಗೊತ್ತಾಯಿತು. ನನ್ನ ಅಜ್ಜಿ, ನನ್ನ ಅಮ್ಮ, ನಮ್ಮೂರಿನ ಕೊರಗರು, ಬೆಸ್ತರು, ಬ್ಯಾರಿಗಳು ಅಶುದ್ಧ, ನಾನೊಬ್ಬಳು ತೊಳೆದು ಬಂದವಳು ಎಂಬ ಮಾತು ಅದು. ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯವನ್ನು ನಮ್ಮವರು ನನ್ನ ವಿರುದ್ಧ ಎತ್ತುತ್ತಿದ್ದರು: ಯೊಪ್ಪದ ಮಾಳಿಗೆಯ ಮೇಲೆ ಪೇತ್ರನಿಗೆ ಬಂದ ದರ್ಶನ, ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಎನ್ನಬೇಡ ಎಂಬ ದನಿ. ಆ ಸಂಜೆ ಬಸ್ಸಿನಲ್ಲಿ ಕೂತು ಅದನ್ನೇ ನೆನೆದೆ. ದರ್ಶನ ಮುಗಿದ ಮೇಲೆ ಪೇತ್ರ ಹೋಗುವುದು ಮಾಂಸದಂಗಡಿಗಲ್ಲ, ಅನ್ಯಜನರ ಕೊರ್ನೇಲಿಯನ ಮನೆಯೊಳಗೆ. ಆ ಅಧ್ಯಾಯ ನನ್ನ ಪರವಾಗಿಯೇ ಇದೆ. ಅವರಿಗೆ ಮರುದಿನ ಫೋನ್ ಮಾಡಿ ಹೇಳಿದೆ: ನಾನು ಮಾಂಸ ಬಿಟ್ಟದ್ದು ಅದು ಕೊಳಕೆಂದಲ್ಲ, ಪ್ರಾಣಿಯ ನೋವಿಗೆ. ಹಾಗಾಗಿ ನಿಮ್ಮ ಮನೆಯ ತುಪ್ಪವನ್ನೂ ತಿನ್ನುವುದಿಲ್ಲ. ಮಾತು ಅಲ್ಲಿಗೆ ನಿಂತಿತು.

ನೋವಿನ ವಿಷಯದಲ್ಲಿ ನನ್ನ ಸಭೆ ಸ್ಪಷ್ಟವಾಗಿ ಮಾತಾಡಿದೆ. ಸಭೆಯ ಬೋಧನೆಗಳ ಪುಸ್ತಕವಾದ ಕಥೋಲಿಕ ಧರ್ಮೋಪದೇಶದ 2417ನೇ ಕಂಡಿಕೆ ಪ್ರಾಣಿಗಳನ್ನು ಆಹಾರಕ್ಕೆ ಬಳಸಬಹುದು ಎನ್ನುತ್ತದೆ. 2418 ಅವುಗಳನ್ನು ಅನಾವಶ್ಯಕವಾಗಿ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ. ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ಅದನ್ನೇ ಮತ್ತೆ ಎತ್ತಿ ಹೇಳಿದರು. 'ಅನಾವಶ್ಯಕ' ಎಂಬ ಆ ಒಂದು ಪದದ ಮೇಲೆ ನನ್ನ ಇಡೀ ಊಟ ನಿಂತಿದೆ. ಮಲ್ಪೆಯಲ್ಲಿ ದೋಣಿ ಹತ್ತುವವನಿಗೆ ಮೀನು ಅವಶ್ಯಕ. ಸಂಬಳ ಬರುವ, ಹಿತ್ತಲಲ್ಲಿ ಹಲಸು, ತೆಂಗು, ಬಸಳೆ ಇರುವ ನನಗೆ ಅಲ್ಲ. ಅದೇ 2418ನೇ ಕಂಡಿಕೆ, ಮನುಷ್ಯರ ಕಷ್ಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸರಿಯಲ್ಲ ಎನ್ನುತ್ತದೆ. ಅದನ್ನು ನನ್ನ ಮಟ್ಟಕ್ಕೆ ಹೀಗೆ ಅರ್ಥ ಮಾಡಿಕೊಂಡೆ: ಲೀಟರಿಗೆ ಮುನ್ನೂರು ರೂಪಾಯಿಯ ಬಾದಾಮಿ ಹಾಲಿನ ಪೊಟ್ಟಣ ನಮ್ಮ ಮನೆಗೆ ಬರುವುದಿಲ್ಲ.

ಬರುವ ಅಗತ್ಯವೂ ಇಲ್ಲ. ಮಂಗಳೂರು ಕಥೋಲಿಕರ ಅಡುಗೆಯಲ್ಲಿ ಹಸುವಿನ ಹಾಲಿಗಿಂತ ತೆಂಗಿನಹಾಲೇ ಹೆಚ್ಚು. ಹಂದಿ ಸಾರಿಗೆ ಹಾಕುವ ಬಾಫಾತ್ ಮಸಾಲೆ ಪುಡಿಯನ್ನು ನಾನು ಈಗಲೂ ಅಮ್ಮನ ಅಳತೆಯಲ್ಲೇ ಹುರಿಯುತ್ತೇನೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಸಿನ. ಹಂದಿಯ ಬದಲು ಎಳೆ ಗುಜ್ಜೆ, ಅಂದರೆ ಹಲಸಿನ ಎಳೆಕಾಯಿ. ಕೈಗೆ ಎಣ್ಣೆ ಹಚ್ಚಿ, ಹೆಬ್ಬೆರಳಿನಷ್ಟು ದಪ್ಪ ತುಂಡು ಮಾಡಿ, ಉಪ್ಪು ಅರಸಿನ ಹಾಕಿ ಅರ್ಧ ಬೇಯಿಸಿ, ನೀರು ಬಸಿದು, ಆಮೇಲೆ ಈರುಳ್ಳಿ, ಶುಂಠಿ, ಹಸಿಮೆಣಸು, ವಿನೆಗರ್, ಪುಡಿ ಸೇರಿಸಿ ಸಣ್ಣ ಉರಿಯಲ್ಲಿ ಇಡಬೇಕು. ಅವತ್ತೇ ತಿನ್ನಬಾರದು, ಒಂದು ರಾತ್ರಿ ಕಳೆದರೆ ಮಸಾಲೆ ಎಳೆಎಳೆಗೆ ಇಳಿಯುತ್ತದೆ. ಸನ್ನಾಣಕ್ಕೆ ಮೊದಲಿನಿಂದಲೂ ಅಕ್ಕಿ, ಉದ್ದು, ಶೇಂದಿ. ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳಲ್ಲಿ ಗುಳಿಯೊ, ಕಿಡಿಯೊ ತೆಂಗಿನಹಾಲಲ್ಲೇ ಕಲಸುತ್ತೇನೆ. ಕರ್ಜಿಕಾಯಿಯಂಥ ನೆವ್ರಿಯ ಹಿಟ್ಟಿಗೆ ತುಪ್ಪದ ಬದಲು ತೆಂಗಿನೆಣ್ಣೆ. ಕೇಕ್ ಮಾತ್ರ ಮೂರು ವರ್ಷ ಗಟ್ಟಿಯಾಗಿಯೇ ಬಂತು.

ನನ್ನ ತಿಳಿವಳಿಕೆಗೇಡಿತನದಿಂದ ಆದ ತೊಂದರೆಯನ್ನೂ ಬರೆಯಲೇಬೇಕು. 2018ರ ಕೊನೆಗೆ ಪಾದಗಳಲ್ಲಿ ಜುಮುಜುಮು ಶುರುವಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಬಿ12 ತೀರ ಕೆಳಗೆ. ಸೊಪ್ಪು, ಕಾಳು, ಹಣ್ಣು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾಗಳು, ನಮಗೆ ಬರುವುದು ಪ್ರಾಣಿಜನ್ಯ ಆಹಾರದಿಂದ ಅಥವಾ ಮಾತ್ರೆಯಿಂದ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 2.4 ಮೈಕ್ರೋಗ್ರಾಂನಷ್ಟು ಮಾತ್ರ, ಆದರೆ ಅದು ಇಲ್ಲದಿದ್ದರೆ ನರಗಳೇ ಹಾಳಾಗುತ್ತವೆ. ಚುಚ್ಚುಮದ್ದಾಯಿತು, ಈಗ ತಪ್ಪದೆ ಮಾತ್ರೆ. "ದೇವರು ಕಾಪಾಡುತ್ತಾನೆ, ಮಾತ್ರೆ ಯಾಕೆ" ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಸುಣ್ಣದಂಶಕ್ಕೆ ರಾಗಿ ಮತ್ತು ಎಳ್ಳು ನನಗೆ ಸಾಕಾಗಿವೆ.

ಪೂಜೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸದ ಪರಮಪ್ರಸಾದದ ಬಗ್ಗೆ ಕೆಲವರು ಕೇಳುತ್ತಾರೆ. ಸಭೆಯ ಕಾನೂನಿನಂತೆ ಅದು ಬರೀ ಗೋಧಿ ಮತ್ತು ನೀರು, ದ್ರಾಕ್ಷಾರಸ ದ್ರಾಕ್ಷಿಯದ್ದೇ. 'ದೇವರ ಕುರಿಮರಿಯೇ' ಎಂದು ಪೂಜೆಯಲ್ಲಿ ಹೇಳುವಾಗ ನನಗೆ ಪ್ರತಿಸಲ ಎದೆ ತುಂಬುತ್ತದೆ. ಆ ಒಂದು ಬಲಿಯ ನಂತರ ನಮ್ಮ ಪೀಠದ ಮೇಲೆ ಯಾವ ಪ್ರಾಣಿಯ ರಕ್ತವೂ ಬೇಕಾಗಲಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ನನಗೆ ವರ್ಷದ ದೊಡ್ಡ ದಿನ. ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅವತ್ತು ಬಾಳೆಲೆಯ ಮೇಲೆ ಬರೀ ತರಕಾರಿ, ಬೆಸ ಸಂಖ್ಯೆಯಲ್ಲಿ: ಬೆಂಡೆ, ತೊಂಡೆ ಮತ್ತು ಹಸಿ ಗೇರುಬೀಜ, ಕೆಸುವಿನ ದಂಟು, ಕಣಿಲೆ (ಎಳೆ ಬಿದಿರು), ಕೊನೆಗೆ ಬೆಲ್ಲ ಮತ್ತು ತೆಂಗಿನಹಾಲಿನ ಪಾಯಸ, ವೊರ್ನ್. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳನ್ನು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಎಲ್ಲರಿಗೂ ಕೊಡುವುದು ನಮ್ಮ ಮನೆಯ ಕ್ರಮ. 2016ರಲ್ಲಿ ನಾನು ಏನು ಮಾಡಲಿ ಎಂದು ಅಳುಕುತ್ತಾ ನಿಂತಿದ್ದೆ. ಅಮ್ಮ ಏನೂ ಹೇಳದೆ ಅಡುಗೆಮನೆಗೆ ಹೋಗಿ, ತೆಂಗಿನಕಾಯಿ ತುರಿದು ಹಿಂಡಿ, ಆ ವರ್ಷ ಎಲ್ಲರಿಗೂ ತೆಂಗಿನಹಾಲಿನಲ್ಲೇ ಹೊಸ ಅಕ್ಕಿ ಕೊಟ್ಟರು. ಪಪ್ಪಾ ಲೋಟ ಖಾಲಿ ಮಾಡಿ ಹಟ್ಟಿಯ ಕಡೆ ನೋಡಿದರು.

ಇಷ್ಟೆಲ್ಲ ಆದ ಮೇಲೂ ಒಂದು ಕಡೆ ನಾನು ಇನ್ನೂ ತಡವರಿಸುತ್ತೇನೆ. ಲೂಕನ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ, ನಿಮ್ಮ ಮುಂದೆ ಇಟ್ಟದ್ದನ್ನು ತಿನ್ನಿ ಎನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಒಬ್ಬ ವಿಧವೆಯ ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ನಾನು ಬರುತ್ತೇನೆಂದು ಪಕ್ಕದ ಮನೆಯಿಂದ ಅರ್ಧ ಲೋಟ ಹಾಲು ಕೇಳಿ ತಂದು ಚಹಾ ಮಾಡಿದ್ದರು. ಸೆರಗಿನಿಂದ ಲೋಟದ ತಳ ಒರೆಸಿ ನನ್ನ ಕೈಗಿಟ್ಟರು. ನಾನು ಕುಡಿದೆ. ಬೆಂಗಳೂರಿನ ವೀಗನ್ ಗೆಳತಿಯರು ಇದನ್ನು ಒಪ್ಪುವುದಿಲ್ಲ, ಬಾಯಿ ಬಿಟ್ಟು ಬೇಡ ಎನ್ನಬಹುದಿತ್ತು ಎನ್ನುತ್ತಾರೆ. ಅನ್ನಬಹುದಿತ್ತು. ಆ ಹೆಂಗಸಿನ ಮುಖ ನೋಡಿ ನನಗೆ ಅನ್ನಲು ಆಗಲಿಲ್ಲ, ಈಗಲೂ ಅದು ತಪ್ಪೆಂದು ನನಗೆ ಅನಿಸುವುದಿಲ್ಲ. ಮನೆಗೆ ಬರುವ ದಾರಿಯಲ್ಲಿ ಆ ಕರುವೂ ನೆನಪಾಯಿತು.

ಮುಂದಿನ ತಿಂಗಳು ಹೋಗುವಾಗ ಬೆಲ್ಲ, ಶುಂಠಿ, ಕೊತ್ತಂಬರಿ ಚೀಲದಲ್ಲಿ ಹಾಕಿಕೊಂಡು ಒಂದು ಗಂಟೆ ಮೊದಲೇ ಹೋದೆ. ಅವರ ಒಲೆಯಲ್ಲಿ ಇಬ್ಬರೂ ಸೇರಿ ಕಷಾಯ ಮಾಡಿದೆವು.