ಕೊಡಗಿನ ಏರು ಇಳಿತದಲ್ಲಿ ಹೈಬ್ರಿಡ್ ಕಾರು: ಎರಡು ವರ್ಷದ ನನ್ನ ಅನುಭವ

ಕಾರು ತಗೊಂಡ ಮೊದಲ ತಿಂಗಳು ನನಗೆ ಸಿಕ್ಕಿದ ಮೈಲೇಜ್ ಲೀಟರಿಗೆ 21 ಚಿಲ್ಲರೆ ಕಿಲೋಮೀಟರ್. ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟರ್, ಬ್ಯಾಟರಿ ಎರಡೂ ಇರುವ ಕಾರು, ಇಳಿಯುವಾಗ, ಬ್ರೇಕ್ ಒತ್ತಿದಾಗ ಮೋಟರೇ ಬ್ಯಾಟರಿ ತುಂಬಿಸುತ್ತದೆ. ಕಾಗದದ ಮೇಲಿನ ಲೆಕ್ಕ 27.97. ಅದು ರೋಲರ್ ಮೇಲೆ ಓಡಿಸಿ ತೆಗೆದ ಲೆಕ್ಕ, ಅಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ, ಹಾಗಾಗಿ ಅಷ್ಟೇ ಬರಬೇಕು ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದರೂ 21 ತುಂಬಾ ಕಡಿಮೆ ಅನ್ನಿಸಿತು. ಈಗ ಎರಡು ವರ್ಷ ಆಗುತ್ತಾ ಬಂತು. ಅದೇ ಕಾರು, ಅದೇ ರಸ್ತೆ, 25ರ ಆಸುಪಾಸಿನಲ್ಲಿ ನಿಂತಿದೆ. ಕಾರಿಗೆ ಏನೂ ಮಾಡಿಸಿಲ್ಲ, ಓಡಿಸುವ ರೀತಿ ಬದಲಾಯಿಸಿದೆ. ಬಯಲುಸೀಮೆಯವರು ಹೇಳಿಕೊಡುವ ಹೈಬ್ರಿಡ್ ಪಾಠ ನಮ್ಮ ಕಡೆಯ ರಸ್ತೆಗೆ ಅರ್ಧ ಹೊಂದುತ್ತದೆ, ಇನ್ನರ್ಧ ಹೊಂದುವುದಿಲ್ಲ. ಆ ಇನ್ನರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮೂರ್ನಾಡಿನ ಹತ್ತಿರ, ಕೆಲಸ ಮಡಿಕೇರಿಯಲ್ಲಿ. ದಿನಾ ಬೆಳಿಗ್ಗೆ ಮೇಕೇರಿ ಮೇಲೆ ಸುಮಾರು 15 ಕಿಲೋಮೀಟರ್ ಹತ್ತುವುದು, ಸಂಜೆ ಅಷ್ಟೇ ಇಳಿಯುವುದು. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ತಿಂಗಳಿಗೆ ಒಂದು ಸಲವಾದರೂ ಸಂಪಾಜೆ ಘಾಟಿ ಇಳಿದು ಹತ್ತುತ್ತೇವೆ. ಸಮತಟ್ಟಾದ ರಸ್ತೆ ಅಂತ ನಮಗೆ ಸಿಗುವುದು ಕುಶಾಲನಗರ ದಾಟಿ ಮೈಸೂರು ಕಡೆ ಹೋದಾಗ ಮಾತ್ರ.

ಮೊದಲು ಲೆಕ್ಕದ ವಿಷಯ. ಗುಡ್ಡದ ಊರಿನಲ್ಲಿ ಒಂದು ಕಡೆಯ ಮೈಲೇಜ್ ನೋಡಿ ಖುಷಿಪಡುವುದಾಗಲಿ ಬೇಜಾರಾಗುವುದಾಗಲಿ ಸರಿಯಲ್ಲ. ಮೊದಮೊದಲು ನನಗೆ ಬೆಳಿಗ್ಗೆ ಹತ್ತುವಾಗ 16.5, ಸಂಜೆ ಇಳಿಯುವಾಗ 31 ತೋರಿಸುತ್ತಿತ್ತು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 24ಕ್ಕೆ ಹತ್ತಿರ ಬರುತ್ತದೆ ಅಲ್ವಾ? ಅದು ತಪ್ಪು. 15 ಕಿಲೋಮೀಟರ್ ಹತ್ತಲು ಸುಟ್ಟ ಪೆಟ್ರೋಲ್ 0.91 ಲೀಟರ್, ಇಳಿಯಲು 0.48. ಒಟ್ಟು 1.39 ಲೀಟರಿಗೆ 30 ಕಿಲೋಮೀಟರ್, ಅಂದರೆ 21.5. ಏರಿನಲ್ಲಿ ಕಳೆದುಕೊಂಡಿದ್ದು ಇಳಿತದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ಏರಿನಲ್ಲಿ ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಮಾಡಿದರೆ ಇಳಿತದಲ್ಲಿ ಸುಮಾರು ಮೂರೂವರೆ ಜಾಸ್ತಿ ಮಾಡಿದ್ದಕ್ಕೆ ಸಮ. ಇದು ಅರ್ಥವಾದ ದಿನದಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಒಂದೇ ಬಂಕ್, ಒಂದೇ ಪಂಪ್, ನಳಿಗೆ ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸುವುದು. ಬಾಯಿ ತನಕ ತುಂಬಿಸಿದರೆ ಲೆಕ್ಕ ಕೆಡುತ್ತದೆ.

ಈಗ ಮುಖ್ಯ ಮಾತು. ಈ ಕಾರಿನ ಹೈಬ್ರಿಡ್ ಬ್ಯಾಟರಿ 0.76 ಯೂನಿಟ್‌ನದ್ದು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಒಂದು ಯೂನಿಟ್ ಕೂಡ ಇಲ್ಲ. ಅದರಲ್ಲೂ ಕಾರು ಪೂರ್ತಿ ಖಾಲಿ ಮಾಡುವುದಿಲ್ಲ, ಪೂರ್ತಿ ತುಂಬಿಸುವುದೂ ಇಲ್ಲ, ನಡುವಿನ ಒಂದಿಷ್ಟನ್ನೇ ಬಳಸುತ್ತದೆ. ನಾನು ಇದನ್ನು ದೊಡ್ಡ ಟ್ಯಾಂಕ್ ಅಂತ ತಿಳಿದುಕೊಂಡಿದ್ದೆ. ನಿಜದಲ್ಲಿ ಇದು ಜುಲೈ ಮಳೆಗೆ ಸೂರಿನಡಿ ಇಟ್ಟ ಕೊಡಪಾನ. ಎಷ್ಟು ಮಳೆ ಬಂದರೂ ಹಿಡಿಯುವುದು ಒಂದೇ ಕೊಡ, ಉಳಿದಿದ್ದು ಅಂಗಳಕ್ಕೆ. ಕೊಡ ಖಾಲಿ ಇದ್ದಾಗ ಮಳೆ ಬರಬೇಕು, ತುಂಬಿದ ಕೂಡಲೇ ಬಳಸಿಬಿಡಬೇಕು. ನಮ್ಮ ಕಡೆ ಮೈಲೇಜ್ ಅಂದರೆ ಬಹುಪಾಲು ಇದೇ.

ಏರಿನಲ್ಲಿ ನಾನು ಮಾಡುತ್ತಿದ್ದ ತಪ್ಪು ಹೇಳುತ್ತೇನೆ. ಆದಷ್ಟು ಇವಿಯಲ್ಲೇ, ಅಂದರೆ ಬರೀ ಕರೆಂಟಿನಲ್ಲೇ ಓಡಿಸಿ, ಇಂಜಿನ್ ಆನ್ ಆಗಲು ಬಿಡಬೇಡಿ ಅಂತ ಪರಿಚಯದವರೊಬ್ಬರು ಹೇಳಿದ್ದರು. ನಾನೂ ಹಾಗೇ ಮಾಡಿದೆ. ಮೇಕೇರಿ ಏರಿನಲ್ಲಿ ಕಾಲನ್ನು ಹಗುರವಾಗಿ ಇಟ್ಟು, ಸೈಕಲ್ ವೇಗದಲ್ಲಿ, ಹಸಿರು ಇವಿ ಗುರುತು ಆರದ ಹಾಗೆ ಹತ್ತಿಸುತ್ತಿದ್ದೆ. ಎರಡು ತಿರುವು ದಾಟುವಷ್ಟರಲ್ಲಿ ಬ್ಯಾಟರಿ ಎರಡು ಗೆರೆಗೆ ಇಳಿಯುತ್ತಿತ್ತು. ಆಮೇಲೆ ಇಂಜಿನ್ ಎದ್ದು ಎರಡೆರಡು ಕೆಲಸ ಮಾಡಬೇಕಾಗುತ್ತಿತ್ತು, ಕಾರನ್ನೂ ಹತ್ತಿಸಬೇಕು, ಬ್ಯಾಟರಿಯನ್ನೂ ತುಂಬಿಸಬೇಕು. ಪೆಟ್ರೋಲಿನಿಂದ ಕರೆಂಟ್ ಮಾಡಿ, ಬ್ಯಾಟರಿಗೆ ಹಾಕಿ, ಮತ್ತೆ ತೆಗೆದು ಚಕ್ರಕ್ಕೆ ಕೊಡುವಾಗ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ನೇರವಾಗಿ ಇಂಜಿನ್‌ನಿಂದ ಚಕ್ರಕ್ಕೆ ಹೋದರೆ ಅಷ್ಟು ಸೋರುವುದಿಲ್ಲ.

ಹೈಬ್ರಿಡ್ ಇಂಜಿನ್ ಅಟ್ಕಿನ್ಸನ್ ಸೈಕಲ್‌ನದ್ದು, ಅಂದರೆ ಪೆಟ್ರೋಲ್ ಉಳಿಸಲೆಂದೇ ಮಾಡಿದ ಬಗೆಯದ್ದು. ಅದಕ್ಕೆ ಸುಮ್ನೆ ಕುಂಯ್‌ಗುಟ್ಟುವ ಕೆಲಸ ಕೊಟ್ಟರೆ ಪೆಟ್ರೋಲ್ ದಂಡ. ಮಧ್ಯಮ ಭಾರ ಹೊತ್ತು ಒಂದೇ ಹದದಲ್ಲಿ ದುಡಿದಾಗಲೇ ಅದು ಕುಡಿದ ಪೆಟ್ರೋಲಿಗೆ ಜಾಸ್ತಿ ಕೆಲಸ ಕೊಡುತ್ತದೆ. ಏರು ಅಂದರೆ ಅದಕ್ಕೆ ಹೇಳಿ ಮಾಡಿಸಿದ ಕೆಲಸ. ಈಗ ನಾನು ಏರು ಶುರುವಾಗುವ ಮೊದಲೇ ಇಂಜಿನ್ ಎಬ್ಬಿಸುತ್ತೇನೆ. ಮೀಟರಿನಲ್ಲಿ ಚಾರ್ಜ್, ಇಕೋ, ಪವರ್ ಅಂತ ಮೂರು ಭಾಗ ಇದೆಯಲ್ಲ, ಮುಳ್ಳು ಇಕೋ ಭಾಗದ ಮೇಲಿನ ತುದಿಯಲ್ಲಿ ನಿಲ್ಲುವಷ್ಟು ಒತ್ತಿ, 40ರ ಹತ್ತಿರ ಒಂದೇ ಸಮ ಹತ್ತಿಸುತ್ತೇನೆ. ಪವರ್ ಭಾಗಕ್ಕೆ ಮುಳ್ಳು ಹೋಗುವುದು ಓವರ್‌ಟೇಕ್ ಮಾಡುವಾಗ ಮಾತ್ರ. ಮುಂದೆ ಮರದ ಲಾರಿ ತೆವಳುತ್ತಿದ್ದರೆ ಅದರ ಬಾಲಕ್ಕೆ ಅಂಟಿಕೊಂಡು ನಿಲ್ಲಿಸಿ ಎಬ್ಬಿಸಿ ಮಾಡುವುದಿಲ್ಲ, ನಾಲ್ಕೈದು ಗಾಡಿಯಷ್ಟು ಜಾಗ ಬಿಟ್ಟು ಅದೇ ವೇಗದಲ್ಲಿ ಹಿಂದೆ ಹೋಗುತ್ತೇನೆ. ಇಷ್ಟರಿಂದಲೇ ಏರಿನ ಲೆಕ್ಕ 16.5ರಿಂದ 19ಕ್ಕೆ ಬಂತು.

ಬ್ಯಾಟರಿ ಬಳಸುವುದು ಏರಿನ ತುದಿಯಲ್ಲಿ. ಮಡಿಕೇರಿ ಪೇಟೆ ಹತ್ತಿರವಾಗುತ್ತಿದ್ದಂತೆ ಕಾಲು ಸಡಿಲ ಬಿಡುತ್ತೇನೆ, ಇಂಜಿನ್ ಮಲಗುತ್ತದೆ, ಪೇಟೆಯೊಳಗಿನ ನಿಲ್ಲು ಹೊರಡು ಎಲ್ಲಾ ಕರೆಂಟಿನಲ್ಲೇ. ಸಂಜೆ ಹೊರಡುವಾಗ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇದ್ದರೆ ನನಗೆ ಸಮಾಧಾನ, ಇಳಿತದಲ್ಲಿ ತುಂಬಿಸಿಕೊಳ್ಳಲು ಜಾಗ ಇದೆ ಅಂತ.

ಸಂಪಾಜೆ ಘಾಟಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಭಾನುವಾರ ಕೂತು ಲೆಕ್ಕ ಹಾಕಿದ್ದೆ. ಜನ, ಸಾಮಾನು ಸೇರಿ ಕಾರು 1,400 ಕೆಜಿ ಅಂತ ಇಟ್ಟುಕೊಳ್ಳಿ. 900 ಮೀಟರ್ ಕೆಳಗೆ ಇಳಿದರೆ ಸಿಗುವ ಶಕ್ತಿ ಸುಮಾರು 3.4 ಯೂನಿಟ್. ಗಾಳಿಗೆ, ಟೈರಿನ ಉರುಳಾಟಕ್ಕೆ ಒಂದು ಪಾಲು ಹೋದರೂ ಉಳಿಯುವುದು ನಮ್ಮ ಕೊಡಪಾನ ಹಿಡಿಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮಡಿಕೇರಿಯಿಂದ ಹೊರಟು ಮದೆನಾಡು ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ನನ್ನ ಬ್ಯಾಟರಿ ತುಂಬಿಬಿಡುತ್ತದೆ. ಜೋಡುಪಾಲ, ದೇವರಕೊಲ್ಲಿ, ಕೊಯನಾಡು ಎಲ್ಲಾ ಇನ್ನೂ ಬಾಕಿ.

ಮೊದಲ ಸಲ ಹೀಗೆ ಇಳಿಯುವಾಗ ಜೋಡುಪಾಲದ ಹತ್ತಿರ ಇಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಕೂಗಲು ಶುರುಮಾಡಿತು. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ. ಹಿಂದೆ ಕೂತಿದ್ದ ಅಮ್ಮ ಗಾಬರಿಯಾಗಿ, "ಎಂತ ಸದ್ದು ಅದು? ಸ್ವಲ್ಪ ಸೈಡಿಗೆ ನಿಲ್ಸು ನೋಡುವ" ಅಂದರು. ನನಗೂ ಎದೆ ಧಸಕ್ಕೆಂದಿತು. ನಿಲ್ಲಿಸಿ ಬಾನೆಟ್ ತೆಗೆದು ನೋಡಿದೆ, ಏನೂ ಇಲ್ಲ. ಆಮೇಲೆ ಕಾರಿನ ಜೊತೆ ಕೊಟ್ಟ ಪುಸ್ತಕ ಓದಿ ತಿಳಿಯಿತು. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ ಕಾರು ಇಂಜಿನ್ನನ್ನು ಸುಮ್ನೆ ತಿರುಗಿಸಿ ಆ ಶಕ್ತಿಯನ್ನು ಕಳೆಯುತ್ತದೆ, ಹಳೆ ಗಾಡಿಯಲ್ಲಿ ಸೆಕೆಂಡ್ ಗೇರಿಗೆ ಹಾಕಿ ಇಳಿಯುತ್ತಿದ್ದೆವಲ್ಲ, ಹಾಗೆ. ಸದ್ದು ಬರುತ್ತದೆ, ಪೆಟ್ರೋಲ್ ಹೋಗುವುದಿಲ್ಲ. ಅದಕ್ಕೆ ಹೆದರಬೇಡಿ. ಹೊಸದಾಗಿ ಹೈಬ್ರಿಡ್ ತಗೊಂಡು ಮಂಗಳೂರಿಗೆ ಹೊರಡುವವರಿಗೆಲ್ಲ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಗೇರ್ ಲಿವರಿನಲ್ಲಿರುವ ಬಿ ಮೋಡ್ ಬಗ್ಗೆಯೂ ಹೇಳಬೇಕು. ಇಳಿತ ಅಂದ ಕೂಡಲೇ ಬಿಗೆ ಹಾಕುವವರು ಇದ್ದಾರೆ. ಬಿ ಇರುವುದು ಇಂಜಿನ್ ಬ್ರೇಕಿಂಗ್ ಜಾಸ್ತಿ ಮಾಡಲು, ಮೈಲೇಜ್ ಜಾಸ್ತಿ ಮಾಡಲು ಅಲ್ಲ. ಬ್ಯಾಟರಿಯಲ್ಲಿ ಜಾಗ ಇರುವ ತನಕ ನಾನು ಮಾಮೂಲಿಯಾಗಿ ಓಡಿಸುವ ಡಿಯಲ್ಲೇ ಇಟ್ಟು ಬ್ರೇಕನ್ನು ಹಗುರವಾಗಿ, ಉದ್ದಕ್ಕೆ ಒತ್ತುತ್ತೇನೆ. ಹಾಗೆ ಒತ್ತಿದಾಗ ಬಹುಪಾಲು ಮೋಟರೇ ಕಾರನ್ನು ಹಿಡಿದು ಕರೆಂಟ್ ಮಾಡುತ್ತದೆ. ಬ್ಯಾಟರಿ ತುಂಬಿದ ಮೇಲೆ ಬಿ. ಆಗ ಬ್ರೇಕ್ ಪ್ಯಾಡ್ ಬಿಸಿಯಾಗುವುದಿಲ್ಲ, ತಿರುವಿನಲ್ಲಿ ಕಾರು ಕೈಯಲ್ಲಿರುತ್ತದೆ. ನ್ಯೂಟ್ರಲ್ ಮಾತ್ರ ಖಂಡಿತಾ ಬೇಡ. ಹೈಬ್ರಿಡ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ, ಅಷ್ಟೂ ಭಾರ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದು ಕೈಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಬ್ರೇಕ್ ಒತ್ತುವುದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ತಿರುವಿನ ಹತ್ತಿರ ಹೋಗಿ ಗಟ್ಟಿಯಾಗಿ ಒತ್ತುವುದು ನನ್ನ ಹಳೇ ಅಭ್ಯಾಸ. ಮೋಟರ್ ಒಂದು ಮಿತಿಯಷ್ಟೇ ಹಿಡಿಯಬಲ್ಲದು, ಅದಕ್ಕಿಂತ ಜೋರಾಗಿ ಒತ್ತಿದರೆ ಉಳಿದಿದ್ದು ಪ್ಯಾಡ್ ಉಜ್ಜಿ ಬಿಸಿಯಾಗಿ ಹೋಗುತ್ತದೆ. ಈಗ ತಿರುವು ಕಾಣುವ ಮೊದಲೇ ಕಾಲು ತೆಗೆದು, ಮುಳ್ಳು ಚಾರ್ಜ್ ಭಾಗದ ತಳ ಮುಟ್ಟದ ಹಾಗೆ ಒತ್ತುತ್ತೇನೆ. ದಿನಾ ಓಡಾಡುವ ರಸ್ತೆಯಾದ್ದರಿಂದ ಎಲ್ಲಿ ಕಾಲು ತೆಗೆಯಬೇಕು ಅಂತ ಗುರುತು ಸಿಕ್ಕಿದೆ. ಒಂದು ಕಡೆ ಬಸ್ ತಂಗುದಾಣ, ಇನ್ನೊಂದು ಕಡೆ ತೋಟದ ಕಬ್ಬಿಣದ ಗೇಟ್, ಮತ್ತೊಂದು ಕಡೆ ರಸ್ತೆಗೆ ಬಾಗಿದ ಸಿಲ್ವರ್ ಓಕ್ ಮರ. ಹಿಂದೆ ಬಸ್ಸೋ ಜೀಪೋ ಅವಸರದಲ್ಲಿ ಬಂದರೆ ಸೈಡ್ ಕೊಟ್ಟುಬಿಡುತ್ತೇನೆ. ನನ್ನ ಮೈಲೇಜಿಗಾಗಿ ಇನ್ನೊಬ್ಬರನ್ನು ತಡೆಯುವುದು ಸರಿಯಲ್ಲ. ಇಳಿತದ ಲೆಕ್ಕ ಹೀಗೆ 31ರಿಂದ 36ಕ್ಕೆ ಬಂತು, ಏರಿನ 19ರ ಜೊತೆ ಸೇರಿ ದಿನದ್ದು ಹತ್ತಿರ ಹತ್ತಿರ 25.

ಚಳಿ ಮತ್ತು ಮಳೆಯ ವಿಷಯ ಬೇರೆಯೇ. ಡಿಸೆಂಬರ್ ಬೆಳಿಗ್ಗೆ ಕಾರು ಶುರುಮಾಡಿದರೆ ಇಂಜಿನ್ ಬಿಸಿಯಾಗುವ ತನಕ ಅದು ಮಲಗುವುದೇ ಇಲ್ಲ. ಹಾಲಿಗೆ ಅಂತ ಎರಡು ಕಿಲೋಮೀಟರ್, ಮತ್ತೆ ತರಕಾರಿಗೆ ಎರಡು ಕಿಲೋಮೀಟರ್ ಹೋದರೆ ಪೆಟ್ರೋಲೆಲ್ಲ ಇಂಜಿನ್ ಬಿಸಿ ಮಾಡಲಿಕ್ಕೇ ಹೋಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ದಿನಕ್ಕೆ ನಾಲ್ಕು ಸಲ ತೋಟಕ್ಕೂ ಮನೆಗೂ ಓಡಾಡಿ ಆ ತಿಂಗಳ ಲೆಕ್ಕ 20ಕ್ಕೆ ಇಳಿದಿತ್ತು. ಈಗ ಮೂರ್ನಾಡಿನ ಕೆಲಸವೆಲ್ಲ ಸಂಜೆ ಬರುವ ದಾರಿಯಲ್ಲೇ ಮುಗಿಸುತ್ತೇನೆ, ತೋಟಕ್ಕೆ ನಡೆದೇ ಹೋಗುತ್ತೇನೆ. ಹೀಟರ್ ಕೂಡ ಇಂಜಿನ್ ಬಿಸಿಯಿಂದಲೇ ನಡೆಯುವುದು, ಅದನ್ನು ಹಾಕಿದರೆ ಇಂಜಿನ್ ಓಡುತ್ತಲೇ ಇರುತ್ತದೆ. ಸ್ವೆಟರ್ ಹಾಕಿಕೊಂಡರೆ ಆಯಿತು.

ಮಳೆಗಾಲದಲ್ಲಿ ಗಾಜಿನ ಮೇಲೆ ಮಬ್ಬು ಕೂರುತ್ತದೆ, ಅದನ್ನು ತೆಗೆಯಲು ಎಸಿ ಬೇಕು, ಎಸಿ ಬ್ಯಾಟರಿಯನ್ನು ತಿನ್ನುತ್ತದೆ. ಮಬ್ಬು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಒದ್ದೆ ಕೊಡೆ, ಒದ್ದೆ ರೈನ್‌ಕೋಟ್, ಕಾಲಡಿಯ ಮ್ಯಾಟಿನಲ್ಲಿ ನಿಂತ ನೀರು. ನಾಲ್ಕು ಕೊಡೆ ಒಳಗಿದ್ದರೆ ಎಸಿ ನಿಲ್ಲಿಸಲು ಆಗುವುದೇ ಇಲ್ಲ. ಈಗ ಡಿಕ್ಕಿಯಲ್ಲಿ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬ ಇದೆ, ಒದ್ದೆ ಸಾಮಾನೆಲ್ಲ ಅದಕ್ಕೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್, ಹೊರಗಿನ ಗಾಳಿ ಆನ್. ಎಸಿಯನ್ನು ಪೂರ್ತಿ ಬಿಟ್ಟಿಲ್ಲ, ಗಾಜು ಕಾಣದಿದ್ದರೆ ಮೈಲೇಜ್ ನೋಡದೆ ಹಾಕಿಬಿಡುತ್ತೇನೆ.

ಮೈಸೂರು ರಸ್ತೆಯಲ್ಲಿ ಎಲ್ಲರೂ ಹೇಳುವ ಉಪಾಯ ಚೆನ್ನಾಗಿ ನಡೆಯುತ್ತದೆ. ಪಿರಿಯಾಪಟ್ಟಣ, ಹುಣಸೂರು ನಡುವೆ 65ಕ್ಕೆ ಹದವಾಗಿ ಎಬ್ಬಿಸಿ ಕಾಲು ತೆಗೆದರೆ ಇಂಜಿನ್ ಮಲಗುತ್ತದೆ, ತುಸುವೇ ತುಸು ಒತ್ತಿ ಹಿಡಿದರೆ 55ಕ್ಕೆ ಇಳಿಯುವ ತನಕ ಹಾಗೇ ಜಾರುತ್ತದೆ, ಮತ್ತೆ ಎಬ್ಬಿಸುವುದು. ಮೈಸೂರು ದಾಟಿ ಬೆಂಗಳೂರು ಹೆದ್ದಾರಿಯಲ್ಲಿ 100ರಲ್ಲಿ ಹೋದರೆ ಈ ಯಾವ ವಿದ್ಯೆಯೂ ಉಪಯೋಗಕ್ಕೆ ಬರುವುದಿಲ್ಲ, ಗಾಳಿಯೇ ತಿಂದುಹಾಕುತ್ತದೆ.

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲ ಪಕ್ಕದ ಚೀಟಿಯಲ್ಲಿ ಇರುವಷ್ಟೇ. ಜಾಸ್ತಿ ಹಾಕಿದರೆ ಮೈಲೇಜ್ ಬರುತ್ತದೆ ಅನ್ನುತ್ತಾರೆ, ಒದ್ದೆ ತಿರುವಿನ ನಮ್ಮ ರಸ್ತೆಯಲ್ಲಿ ನಾನು ಅದಕ್ಕೆ ಕೈ ಹಾಕುವುದಿಲ್ಲ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಅರ್ಧ ಚೀಲ ಗೊಬ್ಬರವನ್ನೂ ತೆಗೆದು ಶೆಡ್ಡಿಗೆ ಹಾಕಿದೆ.

ಇನ್ನೊಂದು ವಿಷಯ. ಹೀಗೆ ಓಡಿಸಿದರೆ ಬ್ರೇಕ್ ಪ್ಯಾಡಿಗೆ ಕೆಲಸವೇ ಇರುವುದಿಲ್ಲ. ಹೋದ ಆಗಸ್ಟಿನಲ್ಲಿ ನಾಲ್ಕು ದಿನ ಕಾರು ತೆಗೆದಿರಲಿಲ್ಲ. ಐದನೇ ದಿನ ನೋಡಿದರೆ ನಾಲ್ಕೂ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತುಕ್ಕು, ಹೊರಟ ಕೂಡಲೇ ಕರಕರ ಸದ್ದು. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆ ನೋಡಿ, ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯುತ್ತೇನೆ. ಪ್ಯಾಡ್ ಉಜ್ಜಿ ಡಿಸ್ಕ್ ಹೊಳೆಯುತ್ತದೆ. ಅದರಲ್ಲಿ ಹೋಗುವಷ್ಟು ಕರೆಂಟ್ ಹೋಗಲಿ.