ಕಾರಣದ ಸಾಲು ಕೊನೆಗೆ: ವಿಮಾನ ಅಪಘಾತದ ವರದಿಗಳನ್ನು ನಾವು ಓದುವ ಬಗೆ

ಮುಂಬೈ ವಿಮಾನ ನಿಲ್ದಾಣದ ಕಲೀನಾ ಬದಿಯ ಹ್ಯಾಂಗರಿನಲ್ಲಿ ನಾನು ವಿಮಾನ ದುರಸ್ತಿ ಎಂಜಿನಿಯರ್. ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೊಡುವ ಬಿ1 ಲೈಸೆನ್ಸು ನನ್ನದು. ಎಂಜಿನ್, ಬಾಡಿ, ಹೈಡ್ರಾಲಿಕ್ಸ್ ಕೆಲಸ ಮುಗಿದ ಮೇಲೆ ‘ಈ ವಿಮಾನ ಹಾರಬಹುದು’ ಎಂದು ಸಹಿ ಹಾಕುವ ಕೆಲಸ. ನಮ್ಮ ಶಿಫ್ಟಿನಲ್ಲಿ ಕನ್ನಡದ ಹುಡುಗರು ಜಾಸ್ತಿ. ಹುಬ್ಬಳ್ಳಿ, ಬೆಳಗಾವಿ, ಕುಂದಾಪುರದ ಕಡೆಯವರು. ವಾಕೋಲಾದಲ್ಲಿ ಕೆಲವರು ಸೇರಿ ರೂಮು ಮಾಡಿಕೊಂಡಿದ್ದಾರೆ. ರಜೆಯ ದಿನ ಆ ರೂಮಿನಲ್ಲಿ ಕುಳಿತು ನಾವು ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ಓದುತ್ತೇವೆ. ಕಂಪನಿ ಹೇಳಿ ಮಾಡಿಸುವ ಕೆಲಸ ಇದಲ್ಲ. ನಾವಾಗಿಯೇ ಶುರು ಮಾಡಿದ್ದು, ವರ್ಷಗಳಿಂದ ನಡೆದುಕೊಂಡು ಬಂದಿದೆ.

ಮಾಟುಂಗಾ, ಡೊಂಬಿವಲಿ ಕಡೆ ಕನ್ನಡದವರ ಕಾರ್ಯಕ್ರಮಕ್ಕೆ ಹೋದರೆ, ನನ್ನ ಕೆಲಸ ಗೊತ್ತಿರುವವರು ಒಂದು ಪ್ರಶ್ನೆಯನ್ನಂತೂ ಕೇಳುತ್ತಾರೆ. “ಮಂಗಳೂರಿನದ್ದು ಪೈಲಟ್ ನಿದ್ದೆ ಮಾಡಿದ್ದರಿಂದ ಆದದ್ದು, ಅಲ್ವಾ?” ಇಲ್ಲಿನ ಕರಾವಳಿಯ ಜನರಿಗೆ ಅದು ಎಲ್ಲೋ ನಡೆದ ಸುದ್ದಿ ಅಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಆ ವಿಮಾನದಲ್ಲಿದ್ದವರ ನೆಂಟರು, ಪರಿಚಯದವರು ಮುಂಬೈಯಲ್ಲಿ ಈಗಲೂ ಸಿಗುತ್ತಾರೆ.

ನಿದ್ದೆಯ ಮಾತು ಸುಳ್ಳಲ್ಲ. ಕಾಕ್‌ಪಿಟ್ ಧ್ವನಿ ರೆಕಾರ್ಡರಿನಲ್ಲಿ ಕ್ಯಾಪ್ಟನ್ನರ ಗೊರಕೆ ದಾಖಲಾಗಿದೆ. ಆದರೆ ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖಾ ವರದಿಯನ್ನು ಪೂರ್ತಿ ಓದಿದರೆ ನಿದ್ದೆಯ ಜೊತೆಗೆ ಇನ್ನೂ ಎಷ್ಟೋ ವಿಷಯ ಸಿಗುತ್ತದೆ. ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಾಗ ವಿಮಾನ ಎಂದಿಗಿಂತ ಹತ್ತಿರ ಬಂದುಬಿಟ್ಟಿತ್ತು. ಆ ಕಡಿಮೆ ದೂರಕ್ಕೆ ಸರಿಯಾಗಿ ಇಳಿಯುವ ಲೆಕ್ಕವನ್ನು ಪೈಲಟ್‌ಗಳು ಹಾಕಲಿಲ್ಲ. ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಎಂದರು, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಎಂದರು. ಕಂಟ್ರೋಲ್ ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರ ಕೋ-ಪೈಲಟ್‌ಗೆ ಎಷ್ಟಿದೆ ಎನ್ನುವುದು ಲಿಖಿತ ಸೂಚನೆಗಳಲ್ಲೇ ಸ್ಪಷ್ಟವಿರಲಿಲ್ಲ ಎಂದು ವರದಿ ಹೇಳುತ್ತದೆ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ರನ್‌ವೇ ತುದಿಯಾಚೆ ಆಂಟೆನಾ ನಿಲ್ಲಿಸಲು ಕಟ್ಟಿದ್ದ ಕಾಂಕ್ರೀಟಿಗೆ ರೆಕ್ಕೆ ಬಡಿಯಿತು.

ರೇಡಾರ್ ರಿಪೇರಿ ಮಾಡುವವರು, ಪೈಲಟ್‌ಗಳಿಗೆ ಸೂಚನೆ ಬರೆಯುವವರು, ಆಂಟೆನಾಕ್ಕೆ ಕಾಂಕ್ರೀಟು ಹಾಕಿಸುವವರು. ಇವರೆಲ್ಲರಿಗೂ ಆ ವರದಿಯಲ್ಲಿ ಕೆಲಸ ಇದೆ. ‘ಪೈಲಟ್ ತಪ್ಪು’ ಎಂದುಬಿಟ್ಟರೆ ಇವರು ಯಾರೂ ಅದನ್ನು ಓದುವುದಿಲ್ಲ. ನಾನೂ ಓದಬೇಕಿಲ್ಲ, ಯಾಕೆಂದರೆ ನಾನು ಪೈಲಟ್ ಅಲ್ಲವಲ್ಲ. ಇದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ನಾವು ಓದುವ ಕ್ರಮವನ್ನೇ ಬದಲಾಯಿಸಿಕೊಂಡೆವು.

ವರದಿಗೆ ಒಂದು ಸಿದ್ಧ ಚೌಕಟ್ಟು ಇದೆ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ಅನೆಕ್ಸ್ 13 ಅದನ್ನು ಹೇಳುತ್ತದೆ. ಯಾವ ದೇಶದ ವರದಿ ಹಿಡಿದರೂ ಹೆಚ್ಚುಕಮ್ಮಿ ಅದೇ ನಂಬರು. 1.1 ಎಂದರೆ ಆ ಹಾರಾಟದಲ್ಲಿ ಏನೇನಾಯಿತು. 1.5 ಸಿಬ್ಬಂದಿ. 1.6 ವಿಮಾನ ಮತ್ತು ಅದರ ದುರಸ್ತಿಯ ಇತಿಹಾಸ. 1.7 ಹವಾಮಾನ. 1.11 ರೆಕಾರ್ಡರುಗಳು. 1.12 ಅವಶೇಷ. 1.16 ಲ್ಯಾಬಿನ ಪರೀಕ್ಷೆಗಳು. 1.17 ಕಂಪನಿ ಹೇಗೆ ನಡೆಯುತ್ತಿತ್ತು ಎನ್ನುವುದು. ಎರಡನೇ ಭಾಗ ವಿಶ್ಲೇಷಣೆ, ಮೂರನೆಯದು ತೀರ್ಮಾನ ಮತ್ತು ಕಾರಣ, ನಾಲ್ಕನೆಯದು ಸುರಕ್ಷತೆಯ ಶಿಫಾರಸು. ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ ಎಂದು ಅದೇ ಅನೆಕ್ಸ್ ಬಾಯಿಬಿಟ್ಟು ಹೇಳಿದೆ. ನಮ್ಮಲ್ಲಿ ಇದಕ್ಕಾಗಿಯೇ ಎಎಐಬಿ ಎಂಬ ಬೇರೆ ಸಂಸ್ಥೆ ಬಂದದ್ದು ಮಂಗಳೂರಿನ ಅಪಘಾತದ ನಂತರ, 2012ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ತನಿಖೆಗಳು ಡಿಜಿಸಿಎ ಕೈಯಲ್ಲೇ ಇದ್ದವು. ನಿಯಮ ಮಾಡುವವರೇ ತನಿಖೆಯನ್ನೂ ಮಾಡಿದರೆ ನಿಯಮದ ಲೋಪವನ್ನು ಯಾರು ಹೇಳಬೇಕು? ಇದು ಬಹಳ ಮೊದಲೇ ಆಗಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಝೆರಾಕ್ಸ್ ಮಾಡಿಸುವಾಗ ನಾನು ಮೂರನೇ ಭಾಗವನ್ನು ಬಿಟ್ಟು ಮಾಡಿಸುತ್ತೇನೆ. ಶುರುವಿನ ಸಾರಾಂಶವನ್ನೂ ತೆಗೆದುಬಿಡುತ್ತೇನೆ. ಮೊದಲು 1.1 ಓದುತ್ತೇವೆ, ಅಲ್ಲಿಂದ ನೇರ 1.6ಕ್ಕೆ, ಆಮೇಲೆ 1.17ಕ್ಕೆ. ಉಳಿದದ್ದು ಬೇಕಾದ ಹಾಗೆ. ಇಷ್ಟಾದ ಮೇಲೆ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಬರೆಯಬೇಕು: ಇಂಥದ್ದು ನಮ್ಮ ಹ್ಯಾಂಗರಿನಲ್ಲಿ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಆಗಬಹುದು? ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಮ್ಯಾನುಯಲ್ಲಿನ ಇಂಗ್ಲಿಷ್ ವಾಕ್ಯವನ್ನು ಹಾಗೇ ಎತ್ತಿ ಬರೆಯಲು ಆಗ ಬರುವುದಿಲ್ಲ, ಸ್ವಂತ ಯೋಚಿಸಲೇಬೇಕು. ಕಾರಣದ ಪುಟ ಹೊರಗೆ ಬರುವುದು ಎಲ್ಲರೂ ಓದಿ ಹೇಳಿದ ಮೇಲೆ.

ಈ ಕ್ರಮದಿಂದ ಏನು ಸಿಗುತ್ತದೆ ಎಂಬುದಕ್ಕೆ ಕೋಯಿಕ್ಕೋಡ್ ವರದಿ ಒಳ್ಳೆಯ ಉದಾಹರಣೆ. 2020ರ ಆಗಸ್ಟ್ 7ರ ರಾತ್ರಿ, ಮಳೆ. ಅದೂ ದುಬೈನಿಂದ ಬಂದ 737, ಅದೂ ಮಂಗಳೂರಿನಂತೆ ಟೇಬಲ್‌ಟಾಪ್, ಅಂದರೆ ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ. 21 ಜನ ತೀರಿಕೊಂಡರು. ಹಿಂದಿನಿಂದ ಗಾಳಿ ತಳ್ಳುತ್ತಿದ್ದಾಗ ಇಳಿದು, 8,858 ಅಡಿ ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿತು. ಇಲ್ಲೂ ಜೊತೆಗಿದ್ದ ಪೈಲಟ್ ಗೋ ಅರೌಂಡ್ ಎಂದಿದ್ದರು. ಓದು ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಇಷ್ಟೇ. ಆದರೆ ಮುಂದೆ ಓದಿದರೆ, ಮೊದಲ ಸಲ ಇಳಿಯಲು ಬಂದಾಗ ಕ್ಯಾಪ್ಟನ್ ಕಡೆಯ ವೈಪರ್ ಸುಮಾರು ಅರ್ಧ ನಿಮಿಷ ಓಡಿ ನಿಂತುಹೋಗಿತ್ತು. ಎರಡನೇ ಸಲ ಓಡಿತು, ಆದರೆ ಹಾಕಿದ ವೇಗಕ್ಕಿಂತ ನಿಧಾನವಾಗಿ. ಇನ್ನೂ ಮುಂದೆ ಹೋದರೆ, ಆ ಕಂಪನಿಯ ಕೋಯಿಕ್ಕೋಡ್ ನೆಲೆಯಲ್ಲಿ 26 ಕೋ-ಪೈಲಟ್‌ಗಳಿಗೆ ನೇಮಕವಾಗಿದ್ದದ್ದು ಒಬ್ಬರೇ ಕ್ಯಾಪ್ಟನ್. ಮರುದಿನ ಬೆಳಗಿನ ವಿಮಾನವನ್ನೂ ಈ ವಿಮಾನದ ಕ್ಯಾಪ್ಟನ್ನೇ ಹಾರಿಸಬೇಕಿತ್ತು. ಬೇರೆ ಊರಿಗೆ ಹೋಗಿ ಇಳಿದರೆ ಬೆಳಗಿನ ಹಾರಾಟ ತಪ್ಪುತ್ತದೆ. ಆ ಒತ್ತಡ ಅವರ ನಿರ್ಧಾರದ ಮೇಲೆ ಕೂತಿತ್ತು ಎಂದು ವರದಿ ಹೇಳುತ್ತದೆ. ಆ ಸಾಲು ಓದಿದ ದಿನ ನಮ್ಮ ರೂಮಿನಲ್ಲಿ ಚರ್ಚೆ ಬಹಳ ಹೊತ್ತು ನಡೆಯಿತು. ಬೆಳಗಿನ ಹಾರಾಟಕ್ಕೆ ವಿಮಾನ ಬಿಡಲೇಬೇಕು ಎನ್ನುವ ಒತ್ತಡ ರಾತ್ರಿ ಪಾಳಿಯ ನಮಗೆ ಹೊಸದಲ್ಲ.

ವೈಪರ್ ವಿಚಾರ ನೇರವಾಗಿ ನಮ್ಮದೇ. ಒಣ ಗಾಜಿನ ಮೇಲೆ ವೈಪರ್ ಓಡಿಸಬಾರದು, ಗೀರು ಬೀಳುತ್ತದೆ. ಹಾಗಾಗಿ ನೀರು ಹಾಕಿ ಪರೀಕ್ಷಿಸಬೇಕು. ರಾತ್ರಿ ಮೂರು ಗಂಟೆಗೆ ಏಣಿ ತಂದು, ನೀರು ಹಾಕಿ, ಎಲ್ಲ ವೇಗದಲ್ಲೂ ಓಡಿಸಿ ನೋಡುವುದು ಬೇಸರದ ಕೆಲಸ. ಮುಂಬೈ ಮಳೆಗಾಲದಲ್ಲಿ ಅದನ್ನು ಬಿಡುವ ಹಾಗಿಲ್ಲ. ಆ ವರದಿ ಓದಿದ ಮೇಲೆ ನಮ್ಮ ಶಿಫ್ಟಿನಲ್ಲಿ ಒಂದು ರೂಢಿ ಬಂತು. ಪೈಲಟ್ ಹೋಗುತ್ತಾ “ವೈಪರ್ ಸ್ವಲ್ಪ ನಿಧಾನ” ಎಂದು ಬಾಯಲ್ಲಿ ಹೇಳಿದರೂ ಸುಮ್ನೆ ಬಿಡುವುದಿಲ್ಲ, ವಿಮಾನದ ದೋಷಗಳನ್ನು ಬರೆದಿಡುವ ಟೆಕ್ ಲಾಗಿನಲ್ಲಿ ಬರೆಸಿಕೊಳ್ಳುತ್ತೇವೆ. ಬರೆದದ್ದಕ್ಕೆ ಯಾರಾದರೂ ಸಹಿ ಹಾಕಲೇಬೇಕು. ಬಾಯಿಮಾತು ಶಿಫ್ಟ್ ಬದಲಾಗುವಾಗ ಕಳೆದುಹೋಗುತ್ತದೆ.

ಹೊಸದಾಗಿ ಲೈಸೆನ್ಸು ಸಿಕ್ಕವರಿಗೆ ನಾನು ಮೊದಲು ಕೊಡುವುದು ಬ್ರಿಟನ್ನಿನ ಒಂದು ವರದಿ. 1990ರ ಜೂನ್ 10. ಬ್ರಿಟಿಷ್ ಏರ್‌ವೇಸಿನ ಬಿಎಸಿ ಒನ್-ಇಲೆವೆನ್ ಬರ್ಮಿಂಗ್‌ಹ್ಯಾಮಿನಿಂದ ಹೊರಟು 17,300 ಅಡಿ ಏರಿದಾಗ ಕ್ಯಾಪ್ಟನ್ ಎದುರಿನ ಗಾಜು ಹಾರಿಹೋಯಿತು. ಅವರ ಅರ್ಧ ದೇಹ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಕೋ-ಪೈಲಟ್ ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಉಳಿದರು. ಟಿವಿಯವರು ಹೇಳುವುದು ಇಷ್ಟು ಮಾತ್ರ. ನಮಗೆ ಬೇಕಾದದ್ದು ಅದಕ್ಕೆ ಮೊದಲಿನ ರಾತ್ರಿ ಪಾಳಿ.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು ಬದಲಾಯಿಸಿದ್ದರು. ಜನ ಕಡಿಮೆ ಇದ್ದರು, ಹಾಗಾಗಿ ಶಿಫ್ಟ್ ಮ್ಯಾನೇಜರೇ ಕೆಲಸಕ್ಕೆ ಕೈಹಾಕಿದರು. ಹಳೆಯ ಬೋಲ್ಟುಗಳ ಅಳತೆಯ ಗುರುತು 7ಡಿ. ಇರಬೇಕಾಗಿದ್ದದ್ದು 8ಡಿ. ಅಂದರೆ ಹಿಂದಿನ ಸಲವೇ ಅಳತೆ ತಪ್ಪಿತ್ತು, ಆದರೂ ಅಷ್ಟು ಕಾಲ ಹಾರಿತ್ತು. ಸ್ಟೋರಿನವರು 8ಡಿ ಬೇಕು ಎಂದು ಹೇಳಿದ್ದರು. ಮ್ಯಾನೇಜರ್ ಹಳೆಯದಕ್ಕೆ ಹೋಲಿಸಿ ಹುಡುಕಲು ಬೇರೆ ಕಡೆ ಇದ್ದ ಸ್ಟೋರಿಗೆ ಹೋದರು. ಅಲ್ಲಿ ಬೆಳಕು ಕಡಿಮೆ, ನೋಡಿಕೊಳ್ಳುವವರೂ ಇಲ್ಲ. ಕಣ್ಣಳತೆಯಲ್ಲಿ ಆರಿಸಿದ್ದು 8ಸಿ. ಉದ್ದ ಸಾಕಿತ್ತು, ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ ವ್ಯತ್ಯಾಸದಲ್ಲಿ ತೆಳು. 90 ಬೋಲ್ಟುಗಳಲ್ಲಿ 84 ಹೀಗೆ ಹೋದವು. ಗಾಜನ್ನು ಹೊರಗಿನಿಂದ ಕೂರಿಸುವ ವಿನ್ಯಾಸ ಅದು, ಆದ್ದರಿಂದ ಒಳಗಿನ ಗಾಳಿಯ ಒತ್ತಡವನ್ನೆಲ್ಲ ತಡೆಯುವುದು ಬೋಲ್ಟುಗಳೇ. ಇಷ್ಟು ಮುಖ್ಯ ಕೆಲಸಕ್ಕೆ ಇನ್ನೊಬ್ಬರು ಪರೀಕ್ಷಿಸಬೇಕೆಂಬ ನಿಯಮ ಇರಲಿಲ್ಲ. ಒತ್ತಡ ತುಂಬಿ ನೋಡಬೇಕೆಂದೂ ಇರಲಿಲ್ಲ.

ಇದನ್ನು ಓದಿದ ಯಾವ ಹುಡುಗನೂ ಆ ಮ್ಯಾನೇಜರನ್ನು ಬೈದದ್ದು ನಾನು ನೋಡಿಲ್ಲ. ಎಲ್ಲರಿಗೂ ಆ ಮಂದ ಬೆಳಕಿನ ಸ್ಟೋರ್ ಗೊತ್ತು. ಹಳೆಯದಕ್ಕೆ ಹೋಲಿಸಿ ಹೊಸದು ತೆಗೆಯುವ ಅಭ್ಯಾಸ ಗೊತ್ತು. ಆದ್ದರಿಂದ ನಮ್ಮಲ್ಲಿ ಈಗ ಒಂದು ಕಟ್ಟುನಿಟ್ಟು: ಬಿಚ್ಚಿದ ಬೋಲ್ಟು ನೋಡಿ ಹೊಸ ಬೋಲ್ಟು ತರುವ ಹಾಗಿಲ್ಲ. ಪಾರ್ಟ್ಸ್ ಕ್ಯಾಟಲಾಗ್ ತೆರೆದು, ಈ ವಿಮಾನದ ಸೀರಿಯಲ್ ನಂಬರಿಗೆ ಯಾವ ಪಾರ್ಟ್ ನಂಬರ್ ಎಂದು ನೋಡಿ, ಬರೆದುಕೊಂಡೇ ಸ್ಟೋರಿಗೆ ಹೋಗಬೇಕು. ಬಿಚ್ಚಿದ್ದು ಅದಕ್ಕೆ ಹೊಂದದಿದ್ದರೆ ಕೆಲಸ ನಿಲ್ಲಿಸಿ ರಿಪೋರ್ಟ್ ಬರೆಯಬೇಕು. ಒಬ್ಬ ಬೆಳಗಾವಿಯ ಹುಡುಗ ಹಾಗೆ ನಿಲ್ಲಿಸಿದ್ದೂ ಇದೆ. ಪ್ಯಾನೆಲಿನ ಸ್ಕ್ರೂ ಅಷ್ಟೇ, ದೊಡ್ಡದೇನಲ್ಲ. ಆದರೂ ಅವನು ನಿಲ್ಲಿಸಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು.

ಸಂಘದ ಕಾರ್ಯಕ್ರಮಗಳಲ್ಲಿ ಬ್ಲ್ಯಾಕ್ ಬಾಕ್ಸ್ ಬಗ್ಗೆಯೂ ಕೇಳುತ್ತಾರೆ. ಅದರ ಬಣ್ಣ ಕಿತ್ತಳೆ. ಹಾರಾಟದ ಅಂಕಿಅಂಶ ದಾಖಲಿಸುವುದು ಕನಿಷ್ಠ 25 ಗಂಟೆ ಉಳಿಸಿಕೊಳ್ಳುತ್ತದೆ. ಧ್ವನಿಯದ್ದು ಬಹಳಷ್ಟು ವಿಮಾನಗಳಲ್ಲಿ ಎರಡು ಗಂಟೆ. ಕೊನೆಯ ನಿಮಿಷಗಳಲ್ಲಿ ಏನಾಯಿತು ಎಂದು ಅವು ಹೇಳುತ್ತವೆ. ತಿಂಗಳ ಹಿಂದೆ ಹಾಕಿದ ಬೋಲ್ಟಿನ ಬಗ್ಗೆ ಅವಕ್ಕೆ ಏನೂ ಗೊತ್ತಿರುವುದಿಲ್ಲ. ಅದನ್ನು ಹೇಳುವುದು ನಾವು ಸಹಿ ಹಾಕಿದ ಕಾಗದ. ಅಪಘಾತವಾದ ಕೂಡಲೇ ಆ ವಿಮಾನದ ದುರಸ್ತಿ ದಾಖಲೆಗಳನ್ನು ಸೀಲ್ ಮಾಡುವುದು, ತುಂಬಿದ ಇಂಧನದ ಸ್ಯಾಂಪಲ್ ತೆಗೆದಿಡುವುದು ಇದಕ್ಕೇ.

ಮುಂಬೈಯದ್ದೇ ಅಪಘಾತಗಳನ್ನೂ ಓದಿದ್ದೇವೆ. 1976ರ ಅಕ್ಟೋಬರ್ 12ರ ಕಾರವೆಲ್ ವಿಮಾನ: ಎಂಜಿನ್ನಿನ ಕಂಪ್ರೆಸರ್ ಡಿಸ್ಕಿನಲ್ಲಿ ಲೋಹ ದಣಿದು ಬಿದ್ದ ಬಿರುಕು, ಬೆಂಕಿ, 95 ಸಾವು. 1978ರ ಜನವರಿ 1ರಂದು ಎಂಪರರ್ ಅಶೋಕ ಎಂಬ ಏರ್ ಇಂಡಿಯಾ ವಿಮಾನ ಬಾಂದ್ರಾದ ಎದುರಿನ ಸಮುದ್ರಕ್ಕೆ ಬಿದ್ದು 213 ಜನ ಹೋದರು. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕ್ಯಾಪ್ಟನ್ ಎದುರಿನ ಉಪಕರಣ ಕೆಟ್ಟಿತ್ತು. ಹೊರಗೆ ಕತ್ತಲೆ ಸಮುದ್ರ, ದಿಗಂತವಿಲ್ಲ. ಕೋ-ಪೈಲಟ್ ಕಡೆಯ ಉಪಕರಣ ಸರಿಯಿತ್ತು, ಆದರೆ ನೋಡಿ ಹೋಲಿಸಲು ಸಿಕ್ಕಿದ್ದು ಕೆಲವೇ ಸೆಕೆಂಡು. ಇನ್‌ಸ್ಟ್ರುಮೆಂಟ್ ಕೆಲಸದ ಹುಡುಗರಿಗೆ ನಾನು ಇದನ್ನು ಬೇರೆಯಾಗಿಯೇ ಕೊಡುತ್ತೇನೆ.

2025ರ ಜೂನ್ 12ರ ಅಹಮದಾಬಾದ್ ಅಪಘಾತದ ನಂತರ ನನ್ನ ಫೋನು ಸುಮ್ಮನಾಗಲಿಲ್ಲ. ಒಂದು ತಿಂಗಳಿಗೆ ಎಎಐಬಿಯ 15 ಪುಟದ ಪ್ರಾಥಮಿಕ ವರದಿ ಬಂತು. ಎರಡೂ ಎಂಜಿನ್ನಿನ ಇಂಧನ ಸ್ವಿಚ್ಚು ಒಂದು ಸೆಕೆಂಡಿನ ಅಂತರದಲ್ಲಿ ಕಟ್‌ಆಫ್‌ಗೆ, ಅಂದರೆ ಇಂಧನ ನಿಲ್ಲಿಸುವ ಕಡೆಗೆ, ಹೋದವು ಎಂದಿತ್ತು. ಯಾಕೆ ಹೋದವು ಎಂದು ಅದು ಹೇಳಿರಲಿಲ್ಲ. ಹೇಳುವ ಕೆಲಸವೂ ಅದರದ್ದಲ್ಲ. ಜನ ಮಾತ್ರ ಅದೇ ಸಂಜೆ ಕಾರಣ ಬರೆದು ಮುಗಿಸಿದ್ದರು. ತೀರಿಹೋದವರ ಮನೆಯವರೂ ಅದನ್ನೆಲ್ಲ ಓದುತ್ತಾರೆ. ನಾನು ಕೇಳಿದವರಿಗೆಲ್ಲ ವರದಿಯಲ್ಲಿ ಇದ್ದದ್ದನ್ನಷ್ಟೇ ಹೇಳಿದೆ. ಕೆಲವರಿಗೆ ಬೇಸರವಾಯಿತು.

ಇಂಥ ಓದು ಶುರು ಮಾಡಬೇಕೆನ್ನುವವರು ಕೋಯಿಕ್ಕೋಡ್ ವರದಿಯಿಂದ ಶುರು ಮಾಡಿ. ಎಎಐಬಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ದುರಸ್ತಿಯವರೇ ಆಗಬೇಕಿಲ್ಲ. ಆಸ್ಪತ್ರೆ, ಕಾರ್ಖಾನೆ, ರೈಲ್ವೆ, ಎಲ್ಲಿ ರಾತ್ರಿ ಪಾಳಿ ಇದೆಯೋ ಅಲ್ಲಿಯವರಿಗೆಲ್ಲ 1.17 ಅರ್ಥವಾಗುತ್ತದೆ.

ನಾವು ಮುಂದೆ ತೆಗೆದುಕೊಳ್ಳುವುದು 1990ರ ಫೆಬ್ರವರಿ 14ರ ಬೆಂಗಳೂರಿನ ವರದಿ. ಇಂಡಿಯನ್ ಏರ್‌ಲೈನ್ಸಿನ ಎ320 ಹೊರಟದ್ದು ಇದೇ ಮುಂಬೈಯಿಂದ. ಎಚ್‌ಎಎಲ್ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು 146 ಜನರಲ್ಲಿ 92 ಮಂದಿ ಸತ್ತರು. ಕೆಳಗಿಳಿಯುವ ವೇಗದ ನಾಬ್ ತಿರುಗಿಸುವ ಬದಲು ಅದರ ಪಕ್ಕದ ಎತ್ತರದ ನಾಬ್ ತಿರುಗಿಸಿರಬಹುದು ಎಂಬ ಸಾಧ್ಯತೆಯನ್ನು ವರದಿ ಎತ್ತಿದೆ. ಆ ವಿಮಾನ ಆಗ ನಮ್ಮ ದೇಶಕ್ಕೆ ಹೊಸದು. ಈ ಸಲ ಹುಡುಗರಿಗೆ ಕೊಡುವ ಪ್ರಶ್ನೆಯನ್ನೂ ಬರೆದಿಟ್ಟಿದ್ದೇನೆ: ನಮ್ಮ ಹ್ಯಾಂಗರಿಗೆ ಹೊಸ ಮಾದರಿಯ ವಿಮಾನ ಬಂದ ಮೊದಲ ತಿಂಗಳುಗಳಲ್ಲಿ, ಹಳೆಯದರ ಅಭ್ಯಾಸದಿಂದ ಕೈ ತಾನಾಗಿ ಹೋಗುವ ಜಾಗಗಳು ಯಾವುವು?