ಡಿಎನ್‌ಎ ಪಿತೃತ್ವ ವರದಿ: ಕೊನೆಯ ಸಾಲಿಗಿಂತ ಮೊದಲು ಕೋಷ್ಟಕ ಓದಿ

ಕಲಬುರಗಿ, ಬೀದರ್, ಯಾದಗಿರಿಯ ಕೋರ್ಟುಗಳಲ್ಲಿ ಜೀವನಾಂಶದ ಪ್ರಕರಣ ನಡೆಸುವವರ ಕೈಗೆ ಡಿಎನ್‌ಎ ವರದಿ ಬಂದಾಗ ಕಣ್ಣು ನೇರ ‘ಶೇ 99.99’ ಎಂಬ ಸಾಲಿಗೆ ಹೋಗುತ್ತದೆ. ಅದನ್ನು ಕೊನೆಗೆ ನೋಡಿ.

ಮೊದಲ ಪುಟದಲ್ಲಿ ತಾಯಿ, ಮಗು, ತಂದೆ ಎನ್ನಲಾದ ವ್ಯಕ್ತಿಯ ಹೆಸರು, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ಮಾದರಿ ತೆಗೆದ ದಿನಾಂಕ, ಮೊಹರಿನ ಸ್ಥಿತಿ ತಾಳೆ ನೋಡಿ. ಮನೆಯಲ್ಲೇ ಕೆನ್ನೆಯ ಒಳಭಾಗ ಒರೆಸಿ ಕೊರಿಯರ್ ಮಾಡಿದ ಪರೀಕ್ಷೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮಾದರಿ ಯಾರದೆಂಬುದಕ್ಕೆ ಅಲ್ಲಿ ಸಾಕ್ಷಿಯಿರುವುದಿಲ್ಲ.

ಕೋಷ್ಟಕದ ಎಡಸಾಲಿನ ಡಿ3ಎಸ್1358, ಟಿಎಚ್01, ಎಫ್‌ಜಿಎ ಮುಂತಾದವು ವರ್ಣತಂತುವಿನ ಮೇಲಿನ ಗೊತ್ತಾದ ಜಾಗಗಳು. ಪಕ್ಕದ ಅಂಕಿಗಳು ಅಲ್ಲಿ ಡಿಎನ್‌ಎಯ ಪುಟ್ಟ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಎಣಿಕೆ. ಪ್ರತಿ ಜಾಗಕ್ಕೆ ಎರಡು ಅಂಕಿ: ಒಂದು ತಾಯಿಯದು, ಒಂದು ತಂದೆಯದು. ಒಂದೇ ಅಂಕಿಯಿದ್ದರೆ ಸಾಮಾನ್ಯವಾಗಿ ಇಬ್ಬರಿಂದಲೂ ಅದೇ ಬಂದಿದೆ ಎಂದರ್ಥ.

ಡಿ3ಎಸ್1358ರಲ್ಲಿ ತಾಯಿ 15, 17. ಮಗು 15, 16 ಎಂದುಕೊಳ್ಳಿ. 15 ತಾಯಿಯದು, 16 ತಂದೆಯಿಂದಲೇ ಬರಬೇಕು. ಆತನದು 16, 18 ಇದ್ದರೆ ಹೊಂದಿತು. 14, 18 ಇದ್ದರೆ ಹೊಂದಲಿಲ್ಲ. ಪ್ರತಿ ಸಾಲನ್ನೂ ಹೀಗೆ ಪೆನ್ಸಿಲ್‌ನಿಂದ ಗುರುತು ಹಾಕುತ್ತ ಹೋಗಿ. ಒಂದೇ ಕಡೆ ಹೊಂದದಿದ್ದರೆ ಗಾಬರಿ ಬೇಡ, ಅದು ರೂಪಾಂತರವೂ (ತಂದೆಯಿಂದ ಮಗುವಿಗೆ ಬರುವಾಗ ಡಿಎನ್‌ಎಯಲ್ಲಿ ಆದ ಸಹಜ ಬದಲಾವಣೆ) ಆಗಿರಬಹುದು. ಆಗ ಲ್ಯಾಬ್ ಇನ್ನಷ್ಟು ಜಾಗ ಪರೀಕ್ಷಿಸಬೇಕು. ಮೂರು ಅಥವಾ ಹೆಚ್ಚು ಕಡೆ ತಪ್ಪಿದರೆ ಸಾಮಾನ್ಯವಾಗಿ ‘ಈತ ತಂದೆಯಲ್ಲ’ ಎಂದು ಬರೆಯುತ್ತಾರೆ.

ಇನ್ನೊಬ್ಬ ಗಂಡಸು ತಂದೆಯಾಗಿರುವುದಕ್ಕಿಂತ ಈತನೇ ತಂದೆಯಾಗಿದ್ದರೆ ಈ ಹೊಂದಿಕೆ ಕಾಣುವ ಸಂಭವ ಎಷ್ಟು ಪಟ್ಟು ಹೆಚ್ಚು ಎಂಬುದೇ ಪಿತೃತ್ವ ಸೂಚ್ಯಂಕ. ಹೊಂದಿದ ಅಂಕಿ ಜನರಲ್ಲಿ ವಿರಳವಾದಷ್ಟೂ ಅದು ಏರುತ್ತದೆ. ಮೇಲಿನ ಉದಾಹರಣೆಯಲ್ಲಿ 16ರ ಪ್ರಮಾಣ ಶೇ 25 ಇದ್ದರೆ ಸೂಚ್ಯಂಕ 2, ಶೇ 5 ಇದ್ದರೆ 10. ಎಲ್ಲ ಜಾಗಗಳದನ್ನೂ ಗುಣಿಸಿದರೆ ಒಟ್ಟು ಸೂಚ್ಯಂಕ. ಅದು 9,999 ಆದರೆ ಶೇ 99.99 ಬರುತ್ತದೆ, ಈತ ತಂದೆ ಆಗಿರುವ, ಆಗಿರದ ಸಾಧ್ಯತೆಯನ್ನು ಪರೀಕ್ಷೆಗೆ ಮೊದಲೇ 50:50 ಎಂದು ಹಿಡಿದಿದ್ದರೆ ಮಾತ್ರ. ಆ 50:50 ವರದಿಯಲ್ಲಿ ಬರೆದಿದೆಯೇ ನೋಡಿ.

ಈ ಲೆಕ್ಕ ಆತನನ್ನು ಸಂಬಂಧವೇ ಇಲ್ಲದ ಇನ್ನೊಬ್ಬ ಗಂಡಸಿನೊಂದಿಗೆ ಹೋಲಿಸುತ್ತದೆ. ಸಂಶಯ ಅಣ್ಣ ತಮ್ಮಂದಿರ ಮೇಲಿದ್ದರೆ ಇಬ್ಬರ ಮಾದರಿಯೂ ಬೇಕು. ನಮ್ಮ ಕಡೆ ಸೋದರಮಾವ, ಅತ್ತೆಯ ಮಗನೊಂದಿಗಿನ ಮದುವೆ ಅಪರೂಪವಲ್ಲ; ತಾಯಿ ತಂದೆ ರಕ್ತಸಂಬಂಧಿಗಳಾಗಿದ್ದರೆ ಲ್ಯಾಬ್‌ಗೆ ಮೊದಲೇ ತಿಳಿಸಿ. ಅಸ್ಥಿಮಜ್ಜೆ ಕಸಿ ಆದವರ ರಕ್ತದಲ್ಲಿ ದಾನಿಯ ಡಿಎನ್‌ಎ ಸಿಗಬಹುದು, ಅದನ್ನೂ ಹೇಳಿ.

ಅನುಮಾನ ಉಳಿದರೆ ವರದಿ ಬರೆದ ತಜ್ಞರನ್ನು ಪಾಟೀಸವಾಲಿಗೆ ಕರೆಸಲು ಕೋರ್ಟಿಗೆ ಅರ್ಜಿ ಹಾಕಬಹುದು. ವಕೀಲರ ಶುಲ್ಕ ಕೊಡಲಾಗದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಹಿಳೆಗೂ ಮಗುವಿಗೂ ಆದಾಯ ನೋಡದೆ ಉಚಿತ ವಕೀಲರ ಹಕ್ಕಿದೆ.